ಟಿ.ಸಿ. ಪಕ್ಕದಲ್ಲಿ ಬ್ಯಾಟರಿ ಇಟ್ಟರೆ ಮಧ್ಯಾಹ್ನ ಸೋಲಾರ್ ನಿಂತುಹೋಗುವುದು ತಪ್ಪುತ್ತದೆಯೇ?

ಪ್ರಶ್ನೆ: ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಬಯಲುಸೀಮೆಯ ಹಳ್ಳಿ. ಸುಮಾರು 70 ಮನೆಗಳಿಗೆ ಒಂದು 63 ಕೆವಿಎ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಇದೆ. ಲೈನಿನ ಕೊನೆಯ ಮನೆ ನಮ್ಮದು, ಟಿ.ಸಿ.ಯಿಂದ ಕಂಬ ಎಣಿಸಿಕೊಂಡು ಬಂದರೆ ಸುಮಾರು 600 ಮೀಟರ್ ದೂರವಾಗುತ್ತದೆ. ಮೂರು ವರ್ಷಗಳ ಹಿಂದೆ ತಾರಸಿಯ ಮೇಲೆ 5 ಕಿಲೋವ್ಯಾಟ್ ಸೋಲಾರ್ ಹಾಕಿಸಿ, ಉಳಿದ ವಿದ್ಯುತ್ತನ್ನು ಗ್ರಿಡ್ಡಿಗೆ ಕೊಡುವ ನೆಟ್ ಮೀಟರ್ ಕೂರಿಸಿಕೊಂಡೆ. ಆಗ ಊರಿನಲ್ಲಿ ಸೋಲಾರ್ ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಚೆನ್ನಾಗಿ ಬಿಸಿಲಿದ್ದ ದಿನ 20 ಯೂನಿಟ್‌ಗಿಂತ ಕಡಿಮೆ ಬಂದದ್ದಿಲ್ಲ. 2024ರಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಬಂದು, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಸಿಗತೊಡಗಿದ ಮೇಲೆ ಇನ್ನೂ ನಾಲ್ಕು ಮನೆಯವರು ತಲಾ 3 ಕಿಲೋವ್ಯಾಟ್ ಹಾಕಿಸಿದರು. ತೊಂದರೆ ಶುರುವಾದದ್ದು ಅದರ ನಂತರ.

ಬೆಳಿಗ್ಗೆ ಹನ್ನೊಂದೂವರೆಯ ಹೊತ್ತಿಗೆ ಇನ್ವರ್ಟರಿನ ಪರದೆಯ ಮೇಲೆ ‘ಗ್ರಿಡ್ ಓವರ್ ವೋಲ್ಟೇಜ್’ ಎಂದು ಕೆಂಪಕ್ಷರ ಮೂಡುತ್ತದೆ, ಟಕ್ಕೆಂದು ರಿಲೇ ಸದ್ದು ಕೇಳಿಸುತ್ತದೆ, ಉತ್ಪಾದನೆ ಸೊನ್ನೆಗೆ ಇಳಿಯುತ್ತದೆ. ಕೆಲವು ನಿಮಿಷಗಳಾದ ಮೇಲೆ ತಾನಾಗಿ ಮತ್ತೆ ಚಾಲೂ ಆಗಿ, ಪೂರ್ತಿ ಶಕ್ತಿಗೆ ಬರುವಷ್ಟರಲ್ಲಿ ಇನ್ನೊಮ್ಮೆ ಆಫ್ ಆಗುತ್ತದೆ. ಎರಡೂವರೆಯವರೆಗೂ ಇದೇ ಆಟ. ಈಗ ದಿನಕ್ಕೆ 14 ಯೂನಿಟ್ ಬಂದರೆ ಹೆಚ್ಚು. ಅಳವಡಿಸಿದ ಕಂಪನಿಯವರು ಬಂದು ನೋಡಿ, ಇನ್ವರ್ಟರಿನ ಮಿತಿಯನ್ನು 270 ವೋಲ್ಟ್‌ಗೆ ಏರಿಸಿಕೊಡುತ್ತೇವೆ ಎಂದರು. ಅದು ಸರಿಯೋ ತಪ್ಪೋ ತಿಳಿಯದೆ ಸದ್ಯಕ್ಕೆ ಬೇಡವೆಂದಿದ್ದೇನೆ.

ಇನ್ನೊಂದು ವಿಚಾರವೂ ಇದೆ. ಕರೆಂಟು ಹೋದಾಗ ನೆತ್ತಿಯ ಮೇಲೆ ಸುಡುಬಿಸಿಲಿದ್ದರೂ ನಮ್ಮ ಮನೆಯಲ್ಲಿ ಫ್ಯಾನ್ ತಿರುಗುವುದಿಲ್ಲ. ಇದನ್ನೆಲ್ಲ ನೋಡಿ, ಟಿ.ಸಿ. ಪಕ್ಕದಲ್ಲಿ 50 ಯೂನಿಟ್ ಹಿಡಿಯುವ ಒಂದು ಬ್ಯಾಟರಿಯನ್ನು ಎಲ್ಲರೂ ಸೇರಿ ಹಾಕಿಸೋಣ, ಮಧ್ಯಾಹ್ನದ್ದನ್ನು ಅದು ನುಂಗಿಕೊಂಡು ಸಂಜೆ ಕೊಡಲಿ ಎಂದು ಊರಿನ ಹಾಲಿನ ಸಂಘದ ಸಭೆಯಲ್ಲಿ ಮಾತು ಬಂದಿದೆ. ಚಂದಾ ಎತ್ತುವ ಮೊದಲು ತಿಳಿದವರನ್ನು ಕೇಳೋಣವೆಂದು ಬರೆಯುತ್ತಿದ್ದೇನೆ. ಇದರಿಂದ ನಿಜಕ್ಕೂ ಪ್ರಯೋಜನವಾಗುತ್ತದೆಯೇ?

ಉತ್ತರ: ನಿವೃತ್ತ ಇಂಜಿನಿಯರ್

ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳಿಬಿಡುತ್ತೇನೆ: ಟಿ.ಸಿ. ಪಕ್ಕದಲ್ಲಿ ಎಷ್ಟು ದೊಡ್ಡ ಬ್ಯಾಟರಿ ಇಟ್ಟರೂ ಲೈನಿನ ಕೊನೆಯಲ್ಲಿರುವ ನಿಮ್ಮ ಇನ್ವರ್ಟರ್ ಮಧ್ಯಾಹ್ನ ಆಫ್ ಆಗುವುದು ಹೆಚ್ಚುಕಡಿಮೆ ಈಗಿನಂತೆಯೇ ಮುಂದುವರಿಯುತ್ತದೆ. ಕಾರಣ ತಂತಿಯಲ್ಲಿದೆ.

ನೀರಿನ ಪೈಪಿನಲ್ಲಿ ಇಳಿಜಾರಿಗೆ ಎದುರಾಗಿ ನೀರು ತಳ್ಳಬೇಕಾದರೆ ತಳ್ಳುವ ಕಡೆ ಒತ್ತಡ ಹೆಚ್ಚಿರಬೇಕಷ್ಟೆ? ವಿದ್ಯುತ್ತೂ ಹಾಗೆಯೇ. ನಿಮ್ಮ ಮನೆಯಿಂದ ಟಿ.ಸಿ.ಯ ಕಡೆಗೆ ಕರೆಂಟು ಹರಿಯಬೇಕಾದರೆ ನಿಮ್ಮ ಮನೆಯ ವೋಲ್ಟೇಜು ಟಿ.ಸಿ.ಯ ವೋಲ್ಟೇಜಿಗಿಂತ ಮೇಲೇರಲೇಬೇಕು. ಎಷ್ಟು ಮೇಲೆ ಎಂಬುದನ್ನು ಲೆಕ್ಕ ಹಾಕಬಹುದು. ಮನೆಗಳಿಗೆ ಕರೆಂಟು ತರುವ ಎಲ್.ಟಿ. ಲೈನಿಗೆ ಬಳಸುವ ರ‍್ಯಾಬಿಟ್ ಎಂಬ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 0.54 ಓಮ್. ನಿಮ್ಮದು 600 ಮೀಟರ್. ಸಿಂಗಲ್ ಫೇಸ್ ಸಂಪರ್ಕದಲ್ಲಿ ಫೇಸ್ ತಂತಿಯಲ್ಲಿ ಹೋದದ್ದು ನ್ಯೂಟ್ರಲ್ ತಂತಿಯಲ್ಲಿ ಮರಳಬೇಕಾದ್ದರಿಂದ ದೂರ ಇಮ್ಮಡಿಯಾಗಿ, ಒಟ್ಟು ರೋಧ 0.65 ಓಮ್ ಆಗುತ್ತದೆ. 5 ಕಿಲೋವ್ಯಾಟ್ ಎಂದರೆ 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್. ಎರಡನ್ನೂ ಗುಣಿಸಿದರೆ 14 ವೋಲ್ಟ್ ಬರುತ್ತದೆ. ಮನೆಗಳಲ್ಲಿ ಬಳಕೆ ಕಡಿಮೆಯಿರುವ ಮಧ್ಯಾಹ್ನ ಟಿ.ಸಿ.ಯ ಬಳಿಯೇ 240 ವೋಲ್ಟ್ ಇದ್ದರೆ ನಿಮ್ಮಲ್ಲಿ 254 ಆಯಿತು. ನಮ್ಮ ದೇಶದ ನಿಯಮದ ಪ್ರಕಾರ 230 ವೋಲ್ಟಿನ ಮೇಲೆ ಶೇಕಡಾ 10 ದಾಟಿದರೆ, ಅಂದರೆ 253 ವೋಲ್ಟ್ ಮೀರಿದರೆ, ಇನ್ವರ್ಟರ್ 2 ಸೆಕೆಂಡುಗಳೊಳಗೆ ಗ್ರಿಡ್ಡಿನಿಂದ ಕಳಚಿಕೊಳ್ಳಬೇಕು. ನಿಮ್ಮ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ.

ಈಗ ಬ್ಯಾಟರಿಯನ್ನು ಟಿ.ಸಿ.ಯ ಬುಡದಲ್ಲಿ ಇಟ್ಟಿರೆಂದು ಭಾವಿಸೋಣ. ನಿಮ್ಮ 22 ಆಂಪಿಯರ್ ಅದೇ 600 ಮೀಟರ್ ತಂತಿಯನ್ನು ದಾಟಿಯೇ ಬ್ಯಾಟರಿಯನ್ನು ಮುಟ್ಟಬೇಕು. ಆ 14 ವೋಲ್ಟ್ ಎಲ್ಲಿಯೂ ಹೋಗುವುದಿಲ್ಲ. ಬ್ಯಾಟರಿಯಿಂದ ಈ ತೊಂದರೆ ತಪ್ಪಬೇಕಾದರೆ ಅದು ಲೈನಿನ ಕೊನೆಯಲ್ಲಿ, ನಿಮ್ಮ ಮನೆಯ ಹತ್ತಿರ, ಕರೆಂಟು ತಂತಿಗೆ ಇಳಿಯುವ ಮೊದಲೇ ಹಿಡಿದುಕೊಳ್ಳುವಂತೆ ಇರಬೇಕು. ಅಲ್ಲಿಯೂ ಒಂದು ಎಚ್ಚರ ಬೇಕು. ಬ್ಯಾಟರಿ ಜೋಡಿಸಬಹುದಾದ ಸಾಮಾನ್ಯ ಹೈಬ್ರಿಡ್ ಇನ್ವರ್ಟರುಗಳು ಬಿಸಿಲು ಬಿದ್ದೊಡನೆ ಬ್ಯಾಟರಿಯನ್ನು ತುಂಬಲು ಶುರುಮಾಡುತ್ತವೆ. ಎಂಟು ಗಂಟೆಗೆ ಶುರುಮಾಡಿದರೆ ಹನ್ನೊಂದಕ್ಕೆಲ್ಲ ಬ್ಯಾಟರಿ ತುಂಬಿಹೋಗುತ್ತದೆ. ನಿಮಗೆ ಅದರ ಅಗತ್ಯ ಬೀಳುವುದು ಹನ್ನೊಂದೂವರೆಗೆ! ಚಾರ್ಜಿಂಗ್ ಸಮಯವನ್ನು ಮಧ್ಯಾಹ್ನಕ್ಕೆ ಕಟ್ಟಿಹಾಕುವ ಸೆಟ್ಟಿಂಗ್ ಇಲ್ಲದ ಬ್ಯಾಟರಿಯನ್ನು ಕೊಂಡರೆ ಹಣವೂ ಹೋಗಿ ತೊಂದರೆಯೂ ಉಳಿಯುತ್ತದೆ.

270 ವೋಲ್ಟ್‌ಗೆ ಏರಿಸುವ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಅದು ಥರ್ಮಾಮೀಟರನ್ನು ಒಡೆದು ಜ್ವರ ಇಳಿಯಿತೆಂದ ಹಾಗೆ. ನಿಮ್ಮ ಉತ್ಪಾದನೆಯೇನೋ ನಿಲ್ಲುವುದಿಲ್ಲ. ಆದರೆ ಅದೇ ಫೇಸಿನಲ್ಲಿರುವ ನಿಮ್ಮ ನೆರೆಯವರ ಎಲ್ಇಡಿ ಬಲ್ಬು, ಟಿ.ವಿ., ಫ್ರಿಜ್ಜು ಒಂದೊಂದಾಗಿ ಸುಟ್ಟುಹೋಗಬಹುದು, ಯಾಕೆ ಸುಟ್ಟಿತೆಂದು ಯಾರಿಗೂ ತಿಳಿಯುವುದಿಲ್ಲ.

ಕರೆಂಟು ಹೋದಾಗ ಸೋಲಾರ್ ನಿಲ್ಲುವುದರ ಕಾರಣ ಬೇರೆ. ಲೈನ್‌ಮನ್ ಜಿಓಎಸ್ ಎಂಬ ಲೈನಿನ ಸ್ವಿಚ್ಚನ್ನು ಇಳಿಸಿ ಕಂಬ ಹತ್ತಿರುತ್ತಾನೆ. ಆ ಕಡೆಯಿಂದ ಕರೆಂಟು ಬರುವುದಿಲ್ಲವೆಂದು ಅವನು ನಂಬಿರುವಾಗ ಈ ಕಡೆಯ ತಾರಸಿಯಿಂದ ಬಂದರೆ ಅವನ ಪ್ರಾಣಕ್ಕೆ ಅಪಾಯ. ಆದ್ದರಿಂದ ಗ್ರಿಡ್ ಸತ್ತೊಡನೆ ಇನ್ವರ್ಟರ್ ಕೂಡ ಸಾಯಲೇಬೇಕು ಎಂಬ ನಿಯಮವಿದೆ. ಮನೆಯನ್ನು ಲೈನಿನಿಂದ ಪೂರ್ತಿ ಬೇರ್ಪಡಿಸಿ ಒಳಗೆ ಮಾತ್ರ ಕರೆಂಟು ಕೊಡುವ ಹೈಬ್ರಿಡ್ ಇನ್ವರ್ಟರ್ ಮತ್ತು ಸಣ್ಣ ಬ್ಯಾಟರಿ ಇದ್ದರೆ ಫ್ಯಾನ್ ತಿರುಗುತ್ತದೆ. ಅದಕ್ಕೆ 50 ಯೂನಿಟ್ ಬೇಕಿಲ್ಲ, 3 ಯೂನಿಟ್ ಸಾಕು.

ಚಂದಾ ಎತ್ತುವ ಮೊದಲು ಒಂದು ಕೆಲಸ ಮಾಡಿ. ಬೆಳಿಗ್ಗೆ 6, ಮಧ್ಯಾಹ್ನ 1, ರಾತ್ರಿ 8 ಗಂಟೆಗೆ ಮೂರೂ ಫೇಸುಗಳ ವೋಲ್ಟೇಜನ್ನು ಒಂದು ವಾರ ಬರೆದಿಡಿ. ಟಿ.ಸಿ.ಯ ಬಳಿಯ ಅಳತೆಯನ್ನು ಲೈನ್‌ಮನ್ ಕೈಯಿಂದಲೇ ತೆಗೆಸಿ, ನೀವು ಮುಟ್ಟಬೇಡಿ. ಸೋಲಾರ್ ಇರುವ ಐದು ಮನೆಗಳು ಯಾವ ಯಾವ ಫೇಸಿನಲ್ಲಿವೆ ಎಂಬುದನ್ನೂ ನೋಡಿಸಿ. ನನಗೊಂದು ಅನುಮಾನವಿದೆ, ಈಗಲೇ ಹೇಳುವುದಿಲ್ಲ.

ಉತ್ತರ: ಡೇರಿ ಕಾರ್ಯದರ್ಶಿ

ನಾನು ಬೇರೊಂದು ಜಿಲ್ಲೆಯ ಹಾಲು ಉತ್ಪಾದಕರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಹಾಲಿನ ಸಂಘದ ಸಭೆಯಲ್ಲಿ ಈ ಮಾತು ಬಂತು ಎಂದು ಓದಿದ್ದರಿಂದ ಬರೆಯಬೇಕೆನಿಸಿತು, ಏಕೆಂದರೆ ಸಂಘಕ್ಕೆ ಬೇಕಾದ ಬ್ಯಾಟರಿ ಸಂಘದ ಕಟ್ಟಡದಲ್ಲಿಯೇ ಇರಬಹುದು.

ನಮ್ಮಲ್ಲಿ ಹಾಲು ತಂಪು ಮಾಡುವ ಬಿಎಂಸಿ ಇದೆ. ಹಾಲು ಬರುವುದು ಬೆಳಿಗ್ಗೆ ಆರರಿಂದ ಎಂಟು, ಮತ್ತೆ ಸಂಜೆ ಐದೂವರೆಯಿಂದ ಏಳೂವರೆ. ಎರಡೂ ಹೊತ್ತು ಸೂರ್ಯನಿಗೆ ಬಿಡುವಿನ ವೇಳೆ! ಸಂಜೆ ಕ್ಯಾನುಗಳು ಸಾಲಾಗಿ ನಿಂತಿರುವಾಗ ಕರೆಂಟು ಹೋಯಿತೆಂದರೆ ಡೀಸೆಲ್ ಜನರೇಟರ್ ಹಚ್ಚಲೇಬೇಕು, ಇಲ್ಲದಿದ್ದರೆ ಹಾಲು ಹುಳಿಯುತ್ತದೆ. ಸೋಲಾರ್ ಹಾಕಿಸಿದರೆ ಡೀಸೆಲ್ ಉಳಿಯುತ್ತದೆಂದು ಬಂದವರೆಲ್ಲ ಹೇಳುತ್ತಿದ್ದರು, ಸಂಜೆಯ ಮಾತೆತ್ತಿದರೆ ಬ್ಯಾಟರಿಯ ದೊಡ್ಡ ಪಟ್ಟಿ ಮುಂದಿಡುತ್ತಿದ್ದರು.

ನಾವು ಕಡೆಗೆ ಒಪ್ಪಿದ್ದು ಐಸ್ ಬ್ಯಾಂಕ್ ಮಾದರಿಯ ಕೂಲರ್. ಹಗಲು ಹೊತ್ತಿನಲ್ಲಿ ಕಂಪ್ರೆಸರ್ ನಿಧಾನವಾಗಿ ಓಡುತ್ತ ತೊಟ್ಟಿಯೊಳಗಿನ ತಾಮ್ರದ ಸುರುಳಿಗಳ ಸುತ್ತ ಮಂಜುಗಡ್ಡೆಯನ್ನು ಕಟ್ಟುತ್ತದೆ. ಸಂಜೆ ಹಾಲು ಬಂದಾಗ ಕಂಪ್ರೆಸರ್ ಓಡದಿದ್ದರೂ ಆ ಐಸ್ ನೀರನ್ನು ಸುತ್ತಿಸುವ ಒಂದು ಸಣ್ಣ ಪಂಪು ಓಡಿದರೆ ಹಾಲು ತಣ್ಣಗಾಗುತ್ತದೆ. 1000 ಲೀಟರ್ ಹಾಲನ್ನು 35 ಡಿಗ್ರಿಯಿಂದ 4 ಡಿಗ್ರಿಗೆ ತರಲು ಹತ್ತಿರಹತ್ತಿರ 360 ಕಿಲೋ ಐಸ್ ಕರಗಬೇಕೆಂದು ಯಂತ್ರ ಕೂರಿಸಿದ ಮೇಸ್ತ್ರಿ ಗೋಡೆಯ ಮೇಲೆ ಸೀಸದ ಕಡ್ಡಿಯಲ್ಲಿ ಲೆಕ್ಕ ಬರೆದು ತೋರಿಸಿದ್ದರು; ಆ ಲೆಕ್ಕ ಇನ್ನೂ ಗೋಡೆಯ ಮೇಲಿದೆ. ಅಷ್ಟು ಐಸ್ ಕಟ್ಟಲು 13-14 ಯೂನಿಟ್ ಸಾಕಾಗುತ್ತದೆ. ಐಸಿಗೆ ವಾರಂಟಿ ಮುಗಿಯುವುದಿಲ್ಲ, ಎಂಟು ವರ್ಷಕ್ಕೊಮ್ಮೆ ಬದಲಾಯಿಸಬೇಕಾಗಿಯೂ ಇಲ್ಲ. ಕರೆಂಟಾಗಿ ಮರಳಿ ಬರುವುದಿಲ್ಲ ಎಂಬುದೊಂದೇ ಕೊರತೆ, ಆದರೆ ನಮಗೆ ಬೇಕಾಗಿದ್ದದ್ದು ತಂಪು, ಕರೆಂಟಲ್ಲ.

ನಿಮ್ಮೂರಿನ ಸಂಘದಲ್ಲಿ ಬಿಎಂಸಿ ಇದೆಯೇ, ಅದು ಲೈನಿನ ಯಾವ ಭಾಗದಲ್ಲಿದೆ ಎಂದು ತಿಳಿಸಿದರೆ ಇನ್ನಷ್ಟು ಬರೆಯಬಲ್ಲೆ.

ಉತ್ತರ: ಕೊಳವೆಬಾವಿ

ಮೇಲಿನ ಇಬ್ಬರ ಮಾತಿಗೆ ಹೊಂದಿಕೊಂಡಂತೆ ಒಂದು ವಿಷಯ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇದೆ, ಅಂಥವು 30 ಲಕ್ಷಕ್ಕೂ ಹೆಚ್ಚಿವೆ. ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದು ಸರ್ಕಾರದ ನೀತಿ. ಆ 7 ಗಂಟೆ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ನಮ್ಮ ತಂದೆಯವರ ಕಾಲದಲ್ಲಿ ರಾತ್ರಿ ಹನ್ನೊಂದಕ್ಕೆ ಕರೆಂಟು ಬಂದರೆ ಟಾರ್ಚು ಹಿಡಿದು, ಹಾವಿನ ಭಯದಲ್ಲಿ ಸ್ಟಾರ್ಟರ್ ಒತ್ತಲು ಹೋಗುತ್ತಿದ್ದರು. ಈಗ ಹಗಲಿನಲ್ಲಿ ಸೌರವಿದ್ಯುತ್ ಹೇರಳವಾಗಿರುವುದರಿಂದ ಹಲವು ಫೀಡರುಗಳಿಗೆ (ಸಬ್‌ಸ್ಟೇಷನ್ನಿನಿಂದ ಹೊರಡುವ ಲೈನುಗಳಿಗೆ) ಹಗಲಿನಲ್ಲಿಯೇ ಕೊಡುತ್ತಿದ್ದಾರೆ. ಒಂದು ರೂಪಾಯಿಯ ಬ್ಯಾಟರಿಯನ್ನೂ ಕೊಳ್ಳದೆ ರಾತ್ರಿಯ ಬೇಡಿಕೆಯನ್ನು ಹಗಲಿಗೆ ತಂದದ್ದು ನನ್ನ ಪ್ರಕಾರ ನಾವು ಕಂಡ ಅತಿ ದೊಡ್ಡ ಸಂಗ್ರಹ ವ್ಯವಸ್ಥೆ.

ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 2010ರ ಹೊತ್ತಿಗೆ 3 ಮೆಗಾವ್ಯಾಟ್ ಸೌರಸ್ಥಾವರ ಕಟ್ಟಿದಾಗ, ಲೈನಿನ ಕೊನೆಯಲ್ಲಿ ವೋಲ್ಟೇಜಿಲ್ಲದೆ ಒದ್ದಾಡುವ ಪಂಪ್‌ಸೆಟ್ಟುಗಳಿಗೆ ಹತ್ತಿರದಿಂದಲೇ ಹಗಲು ವಿದ್ಯುತ್ ಕೊಡುವುದೇ ಅದರ ಉದ್ದೇಶವಾಗಿತ್ತು. 2019ರಲ್ಲಿ ಬಂದ ಪಿಎಂ ಕುಸುಮ್ ಯೋಜನೆಯ ಫೀಡರ್ ಸೌರೀಕರಣವೂ ಅದೇ ಯೋಚನೆಯ ಮುಂದುವರಿಕೆ: ಸಬ್‌ಸ್ಟೇಷನ್ ಪಕ್ಕದಲ್ಲಿ ಮೆಗಾವ್ಯಾಟಿಗೆ ನಾಲ್ಕೈದು ಎಕರೆಯಂತೆ ಜಮೀನು ಹಿಡಿದು, ಪಂಪ್‌ಸೆಟ್ ಫೀಡರಿಗೆ ಅಲ್ಲಿಂದಲೇ ಹರಿಸುವುದು.

ತಮಾಷೆಯೆಂದರೆ, ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರನ್ನೂ ಪಂಪ್‌ಸೆಟ್ ಫೀಡರನ್ನೂ ಬೇರ್ಪಡಿಸಿದ್ದರಿಂದ ನಿಮ್ಮ ತಾರಸಿಯ ಕರೆಂಟನ್ನು ಮಧ್ಯಾಹ್ನ ಕುಡಿಯಬಲ್ಲ ಪಂಪುಗಳು ಪಕ್ಕದ ಹೊಲದಲ್ಲಿಯೇ ಇದ್ದರೂ ಬೇರೆ ತಂತಿಯಲ್ಲಿವೆ. ನಿಮ್ಮ ಯೂನಿಟ್ ಸಬ್‌ಸ್ಟೇಷನ್ನಿಗೆ ಹೋಗಿ ತಿರುಗಿ ಬರಬೇಕು. ಬೇರ್ಪಡಿಸಿದ್ದು ತಪ್ಪೆಂದು ಹೇಳುತ್ತಿಲ್ಲ, ಅದರಿಂದಲೇ ಹಳ್ಳಿಯ ಮನೆಗಳು ದಿನವಿಡೀ ಕರೆಂಟು ಕಂಡವು.

ಹಗಲು ಕರೆಂಟಿನ ಈ ಸಂತೋಷದಲ್ಲಿ ಒಂದು ಮುಳ್ಳಿದೆ. 150 ಮೀಟರ್ ಆಳದಿಂದ ಎತ್ತುವಾಗ ಒಂದು ಯೂನಿಟ್‌ಗೆ ಬರುವುದು ಸಾವಿರ, ಸಾವಿರದ ನೂರು ಲೀಟರ್. ಬಿಟ್ಟಿ ಕರೆಂಟು, ಹಗಲು ಹೊತ್ತು, ಆಟೋ ಸ್ಟಾರ್ಟರು ಮೂರೂ ಸೇರಿದರೆ ಪಂಪನ್ನು ಆರಿಸುವವರು ಯಾರು? ಕೃಷಿ ಹೊಂಡದಲ್ಲಿ ನಿಲ್ಲಿಸಿಕೊಂಡ ನೀರು ಬ್ಯಾಟರಿಯೇ ಸರಿ, ಆದರೆ ನೆಲದಡಿಯ ಮೂಲ ಬ್ಯಾಟರಿ ಬರಿದಾಗುತ್ತಿದೆ. 2014ರ ನಂತರ ಕನಕಪುರ ತಾಲ್ಲೂಕಿನ ಹಾರೋಬೆಲೆಯಲ್ಲಿ ನಡೆದ ಸೂರ್ಯ ರೈತ ಪ್ರಯೋಗದಲ್ಲಿ, ಪಂಪಿಗೆ ಬೇಕಾದ್ದಕ್ಕಿಂತ ಹೆಚ್ಚು ಫಲಕ ಕೊಟ್ಟು ಉಳಿದದ್ದನ್ನು ಗ್ರಿಡ್ಡಿಗೆ ಮಾರುವ ಅವಕಾಶ ಮಾಡಿದ್ದರ ಹಿಂದೆ ಈ ಚಿಂತೆಯಿತ್ತು. ನೀರೆತ್ತದಿದ್ದರೆ ದುಡ್ಡು ಸಿಗುತ್ತದೆ ಎಂದಾದರೆ ರೈತ ಒಮ್ಮೆ ಯೋಚಿಸುತ್ತಾನೆ.

ಮರುಪ್ರತಿಕ್ರಿಯೆ: ತೆಂಗಿನತೋಟ

ಎಲ್ಲರಿಗೂ ಧನ್ಯವಾದ. ಒಂಬತ್ತು ದಿನ ಅಳತೆ ಬರೆದೆ. ಟಿ.ಸಿ.ಯ ಬಳಿ ಲೈನ್‌ಮನ್ ಎರಡು ದಿನ ನೋಡಿಕೊಟ್ಟರು.

ಮಧ್ಯಾಹ್ನ 1 ಗಂಟೆಗೆ ಟಿ.ಸಿ.ಯಲ್ಲಿ ಆರ್ ಫೇಸ್ 238, ವೈ ಫೇಸ್ 234, ಬಿ ಫೇಸ್ 233 ವೋಲ್ಟ್ ಇತ್ತು. ಅದೇ ಹೊತ್ತಿಗೆ ನಮ್ಮ ಮನೆಯ ಮುಂದಿನ ಕಂಬದಲ್ಲಿ, ನನ್ನ ಇನ್ವರ್ಟರ್ ಆರಿಸಿದಾಗ ಆರ್ ಫೇಸ್ 243 ತೋರಿಸಿತು, ಉಳಿದೆರಡು 229 ಮತ್ತು 231. ಇನ್ವರ್ಟರ್ ಹಾಕಿದೊಡನೆ ಆರ್ ಫೇಸ್ ಮೆಲ್ಲಗೆ ಏರುತ್ತ 255ಕ್ಕೆ ಹೋಗಿ ಟಕ್ಕೆಂದಿತು. ರಾತ್ರಿ 8 ಗಂಟೆಗೆ ಅದೇ ಆರ್ ಫೇಸ್ 212ಕ್ಕೆ ಇಳಿದಿತ್ತು, ಬಲ್ಬು ಮಂಕಾಗುವುದು ನಮಗೆ ರೂಢಿಯೇ ಆಗಿತ್ತು.

ಐದು ಸೋಲಾರ್ ಮನೆಗಳಲ್ಲಿ ನಾಲ್ಕು ಆರ್ ಫೇಸಿನಲ್ಲಿವೆ! ಹೇಗೆಂದು ಕೇಳಿದರೆ, ಕಂಬದಲ್ಲಿ ಆ ತಂತಿ ಎಲ್ಲಕ್ಕಿಂತ ಕೆಳಗಿದೆ, ಏಣಿಗೆ ಬೇಗ ಎಟುಕುತ್ತದೆ ಎಂದು ಲೈನ್‌ಮನ್ ನಕ್ಕರು. ನಮ್ಮ ಸಂಘದಲ್ಲಿ ಬಿಎಂಸಿ ಇದೆ, ನಮ್ಮ ಮನೆಯಿಂದ ಮೂರು ಕಂಬ ಈಚೆಗೆ.

ಉತ್ತರ: ನಿವೃತ್ತ ಇಂಜಿನಿಯರ್

ನನ್ನ ಅನುಮಾನ ಇದೇ ಆಗಿತ್ತು. 17 ಕಿಲೋವ್ಯಾಟಿನಲ್ಲಿ 14 ಕಿಲೋವ್ಯಾಟನ್ನು ಒಂದೇ ತಂತಿಯ ಮೇಲೆ ಹೇರಿದ್ದೀರಿ. ಒಂದು ಫೇಸು ಏರಿ, ಉಳಿದೆರಡು ಟಿ.ಸಿ.ಗಿಂತಲೂ ಕೆಳಗಿಳಿದಿರುವುದು ನ್ಯೂಟ್ರಲ್ ತಂತಿಯಲ್ಲಿ ಕರೆಂಟು ಜೋರಾಗಿ ಓಡುತ್ತಿದೆ ಎಂಬುದರ ಗುರುತು. ರಾತ್ರಿ ಅದೇ ಫೇಸು 212ಕ್ಕೆ ಕುಸಿಯುತ್ತಿದೆಯೆಂದರೆ ದಾರಿಯಲ್ಲಿ ಎಲ್ಲೋ ಒಂದು ಕೆಟ್ಟ ಜಾಯಿಂಟ್ ಇರಬಹುದು. ಹಗಲು ಏರಿಸುವ ರೋಧವೇ ರಾತ್ರಿ ಇಳಿಸುತ್ತದೆ, ಎರಡೂ ಒಂದೇ ಕಾಯಿಲೆಯ ಎರಡು ಮುಖಗಳು. ಟಿ.ಸಿ.ಯಲ್ಲಿ ಟ್ಯಾಪ್ (ಅದರ ವೋಲ್ಟೇಜನ್ನು ಏರಿಸಿ ಇಳಿಸುವ ವ್ಯವಸ್ಥೆ) ಬದಲಾಯಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. 100 ಕೆವಿಎವರೆಗಿನ ಟಿ.ಸಿ.ಗಳಿಗೆ ಸಾಮಾನ್ಯವಾಗಿ ಟ್ಯಾಪ್ ಇರುವುದೇ ಇಲ್ಲ. ಇದ್ದು ಇಳಿಸಿದರೂ ರಾತ್ರಿ ನಿಮ್ಮ ಬಲ್ಬು ಇನ್ನಷ್ಟು ಮಂಕಾಗುತ್ತದೆ.

ಉಪವಿಭಾಗಕ್ಕೆ ಒಂದು ಅರ್ಜಿ ಬರೆದು ಎರಡು ಕೆಲಸ ಕೇಳಿ. ಆರ್ ಫೇಸಿನಲ್ಲಿರುವ ಎರಡು ಸೋಲಾರ್ ಮನೆಗಳನ್ನು ವೈ ಮತ್ತು ಬಿ ಫೇಸುಗಳಿಗೆ ಬದಲಾಯಿಸುವುದು, ಟಿ.ಸಿ.ಯಿಂದ ನಿಮ್ಮ ಮನೆಯವರೆಗೆ ನ್ಯೂಟ್ರಲ್ ಜಾಯಿಂಟುಗಳನ್ನು ಒಂದೊಂದಾಗಿ ನೋಡಿಸುವುದು. ನಿಮ್ಮ ಅಳತೆಯ ಪುಸ್ತಕದ ಪ್ರತಿಯನ್ನು ಅರ್ಜಿಗೆ ಲಗತ್ತಿಸಿ. ಬಾಯಿಮಾತಿನ ದೂರಿಗಿಂತ ಒಂಬತ್ತು ದಿನದ ಅಂಕಿಗಳಿಗೆ ಕಚೇರಿಯಲ್ಲಿ ಬೆಲೆ ಹೆಚ್ಚು, ಮೂವತ್ತು ವರ್ಷ ಆ ಕುರ್ಚಿಯಲ್ಲಿ ಕೂತವನಾಗಿ ಹೇಳುತ್ತಿದ್ದೇನೆ.

ಅದರಿಂದಲೂ ಸಾಲದಿದ್ದರೆ ತ್ರೀ ಫೇಸ್ ಸಂಪರ್ಕ ಪಡೆದು ತ್ರೀ ಫೇಸ್ ಇನ್ವರ್ಟರಿಗೆ ಹೋಗಿ. ಅದೇ 5 ಕಿಲೋವ್ಯಾಟ್ ಮೂರು ತಂತಿಗಳಲ್ಲಿ ಏಳೇಳು ಆಂಪಿಯರಾಗಿ ಹಂಚಿಹೋಗಿ, ನ್ಯೂಟ್ರಲಿನಲ್ಲಿ ಏನೂ ಹರಿಯದಿರುವಾಗ, ಮೊದಲು ಲೆಕ್ಕ ಹಾಕಿದ 14 ವೋಲ್ಟ್ ಏರಿಕೆ ಎರಡೂವರೆ ವೋಲ್ಟಿಗಿಂತ ಕಡಿಮೆಯಾಗುತ್ತದೆ.

ಉತ್ತರ: ಅಡಿಲೇಡ್ ಕನ್ನಡಿಗ

ದಕ್ಷಿಣ ಆಸ್ಟ್ರೇಲಿಯಾದಿಂದ ಬರೆಯುತ್ತಿದ್ದೇನೆ. ನಿಮ್ಮೂರಿನ ಒಂದು ಟಿ.ಸಿ.ಯಲ್ಲಿ ಆಗುತ್ತಿರುವುದು ಇಲ್ಲಿ ಇಡೀ ರಾಜ್ಯಕ್ಕೆ ಆಗಿದೆ. ಕೆಲವು ವಸಂತದ ಭಾನುವಾರಗಳಲ್ಲಿ ಮಧ್ಯಾಹ್ನ ತಾರಸಿಗಳ ಉತ್ಪಾದನೆಯೇ ರಾಜ್ಯದ ಬಹುಪಾಲು ಬೇಡಿಕೆಯನ್ನು ಪೂರೈಸಿಬಿಡುತ್ತದೆ.

ಇಲ್ಲಿನವರು ಕಂಡುಕೊಂಡ ಮೂರು ಸಂಗತಿಗಳು ನಿಮಗೆ ಉಪಯೋಗವಾಗಬಹುದು. ಇನ್ವರ್ಟರ್ ಒಮ್ಮೆಗೇ ಆಫ್ ಆಗುವ ಬದಲು, ವೋಲ್ಟೇಜು ಏರುತ್ತಿದ್ದಂತೆ ತಾನೇ ಉತ್ಪಾದನೆಯನ್ನು ಸ್ವಲ್ಪಸ್ವಲ್ಪವೇ ತಗ್ಗಿಸಬೇಕೆಂಬ ನಿಯಮ ಇಲ್ಲಿದೆ. ಅದನ್ನು ವೋಲ್ಟ್-ವ್ಯಾಟ್ ಎನ್ನುತ್ತಾರೆ. 5 ಕಿಲೋವ್ಯಾಟ್ ಸೊನ್ನೆಗೆ ಬೀಳುವುದಕ್ಕಿಂತ ಮೂರೂವರೆಗೆ ಇಳಿದು ಓಡುತ್ತಿರುವುದು ಮೇಲಲ್ಲವೇ? ನಿಮ್ಮ ಇನ್ವರ್ಟರಿನಲ್ಲಿಯೂ ಈ ಸೌಲಭ್ಯ ಮುಚ್ಚಿಟ್ಟ ಮೆನುವಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಎರಡನೆಯದಾಗಿ, ಗ್ರಿಡ್ಡಿಗೆ ಬಿಡುವ ಮಿತಿಯನ್ನು ಎಲ್ಲರಿಗೂ ವರ್ಷವಿಡೀ ಒಂದೇ ಎಂದು ನಿಗದಿ ಮಾಡದೆ, ಆ ಹೊತ್ತಿಗೆ ತಂತಿ ತಾಳುವಷ್ಟು, 1.5ರಿಂದ 10 ಕಿಲೋವ್ಯಾಟ್‌ವರೆಗೆ, ಅಂತರ್ಜಾಲದ ಮೂಲಕ ಬದಲಾಯಿಸುತ್ತಾರೆ.

ಮೂರನೆಯದು ಕೊಳವೆಬಾವಿಯವರ ಮಾತಿನ ತದ್ರೂಪು. ಇಲ್ಲಿ ಸ್ನಾನದ ನೀರಿನ ಗೀಸರುಗಳು ಹಿಂದೆಲ್ಲ ಅಗ್ಗದ ದರವೆಂದು ನಡುರಾತ್ರಿ ಓಡುತ್ತಿದ್ದವು. 2020ರಿಂದ ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗಿನ ದರವನ್ನು ಇಳಿಸಿ, ಅವನ್ನು ಹಗಲಿಗೆ ಎಳೆದರು. 2017ರಲ್ಲಿ ಹಾರ್ನ್ಸ್‌ಡೇಲ್‌ನಲ್ಲಿ ಕಟ್ಟಿದ 100 ಮೆಗಾವ್ಯಾಟಿನ ಬ್ಯಾಟರಿ ಜಗತ್ತಿನಾದ್ಯಂತ ಸುದ್ದಿಯಾಯಿತು. ಆಗ ಅದರ ಸಾಮರ್ಥ್ಯ 129 ಮೆಗಾವ್ಯಾಟ್-ಗಂಟೆ, ಅಂದರೆ ಪೂರ್ತಿ ಶಕ್ತಿಯಲ್ಲಿ ಕೊಟ್ಟರೆ ಒಂದು ಗಂಟೆ ಇಪ್ಪತ್ತು ನಿಮಿಷದೊಳಗೆ ಖಾಲಿ. ಅದು ಹೆಸರು ಮಾಡಿದ್ದು ರಾತ್ರಿಯಿಡೀ ಊರು ಬೆಳಗಿಸಿದ್ದಕ್ಕಲ್ಲ, ಗ್ರಿಡ್ಡಿನ ಆವರ್ತನ (ಫ್ರೀಕ್ವೆನ್ಸಿ) ಕುಸಿದಾಗ ಕ್ಷಣಾರ್ಧದಲ್ಲಿ ನೆರವಿಗೆ ಬಂದದ್ದಕ್ಕೆ. ಗೀಸರುಗಳ ಬಗ್ಗೆ ಯಾರೂ ಬರೆಯಲಿಲ್ಲ.

ಉತ್ತರ: ಶರಾವತಿ ತೀರ

ಊರಿನ ಬ್ಯಾಟರಿ ದುಬಾರಿ ಎಂದು ಎಲ್ಲರೂ ಒಪ್ಪಿದ ಹಾಗೆ ಕಾಣುತ್ತಿದೆ. ಆದರೆ ಊರಿನಲ್ಲಿ ಹಿಡಿದಿಡದ ಮಧ್ಯಾಹ್ನದ ವಿದ್ಯುತ್ತನ್ನು ಬೇರೆಲ್ಲೋ ಹಿಡಿದಿಡುತ್ತಾರೆ, ಆ ಬೇರೆಲ್ಲೋ ನಮ್ಮ ಊರು.

ಪಾವಗಡದ ಸೋಲಾರ್ ಪಾರ್ಕಿನ 2050 ಮೆಗಾವ್ಯಾಟ್ ಸಂಜೆ ಎರಡು ಗಂಟೆಯೊಳಗೆ ಮಾಯವಾಗುವಾಗ ಆ ಜಾಗವನ್ನು ತುಂಬುವುದರಲ್ಲಿ ಶರಾವತಿ ಜಲವಿದ್ಯುತ್ ಸ್ಥಾವರದ 1035 ಮೆಗಾವ್ಯಾಟಿಗೆ ದೊಡ್ಡ ಪಾಲಿದೆ. ಹಗಲು ಗೇಟು ಬಿಗಿಹಿಡಿದು ಸಂಜೆ ಬಿಡುವುದೂ ಸಂಗ್ರಹವೇ, ಲಿಂಗನಮಕ್ಕಿ ಯಾರೂ ಹಾಗೆ ಕರೆಯದ ಬ್ಯಾಟರಿ. ಅದು ಸಾಲದೆಂದು, ತಲಕಳಲೆಯಿಂದ ಗೇರುಸೊಪ್ಪೆಗೆ ನೀರಿಳಿಸಿ, ಹಗಲಿನಲ್ಲಿ ಮತ್ತೆ ಮೇಲಕ್ಕೆತ್ತುವ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ. ಹೊಸ ಅಣೆಕಟ್ಟು ಬೇಡ, ಇರುವ ಎರಡು ಜಲಾಶಯಗಳೇ ಸಾಕು ಎಂಬುದು ಅದರ ಬಲ. 100 ಯೂನಿಟ್ ಕೊಟ್ಟು ಎತ್ತಿಸಿದರೆ 75-80 ಮರಳುತ್ತವೆ. ಆದರೆ ಸುರಂಗಗಳು ಹಾದುಹೋಗಬೇಕಾದದ್ದು ಸಿಂಗಳೀಕಗಳ ಅಭಯಾರಣ್ಯದ ಒಡಲಿನಲ್ಲಿ. ಒಮ್ಮೆ ಮುಳುಗಡೆ ಕಂಡ ಸೀಮೆಯವರು ನಾವು, ಸುಮ್ಮನೆ ತಲೆಯಾಡಿಸಲಾರೆವು.

ಹಳ್ಳಿಯ ಬ್ಯಾಟರಿಯ ಬೆಲೆಯನ್ನು ಈ ಕಾಡಿನ ಬೆಲೆಯ ಜೊತೆ ತೂಗಿ ನೋಡಿದವರು ಕಡಿಮೆ. ಗುಜರಾತಿನ ಮೊಢೇರಾದಲ್ಲಿ 2022ರಲ್ಲಿ 6 ಮೆಗಾವ್ಯಾಟ್ ಸೌರಸ್ಥಾವರ, ತಾರಸಿ ಫಲಕಗಳ ಜೊತೆ 15 ಮೆಗಾವ್ಯಾಟ್-ಗಂಟೆಯ ಬ್ಯಾಟರಿ ಇಟ್ಟು ಊರಿನ ರಾತ್ರಿಯನ್ನೂ ಸೌರವಾಗಿಸಿದರು, ಸರ್ಕಾರದ ಹಣದಲ್ಲಿ. ಬಿಹಾರದ ಧರ್ನಾಯಿಯಲ್ಲಿ 2014ರಲ್ಲಿ ಶುರುವಾದ 100 ಕಿಲೋವ್ಯಾಟಿನ ಕಿರುಗ್ರಿಡ್ ಮಾತ್ರ, ಅಗ್ಗದ ಸರ್ಕಾರಿ ಕರೆಂಟು ಊರಿಗೆ ಬಂದು ಬ್ಯಾಟರಿಗಳೂ ಸೋತ ಮೇಲೆ ಮೂಲೆಗೆ ಬಿತ್ತು. ಬ್ಯಾಟರಿ ಸತ್ತ ದಿನ ಹೊಸದನ್ನು ಕೊಳ್ಳುವ ಹಣ ಯಾರ ಖಾತೆಯಲ್ಲಿದೆ ಎಂಬುದು ಮೊದಲೇ ತೀರ್ಮಾನವಾಗಬೇಕು. ನಿಮ್ಮ ಸಂಘ ಮುಂದುವರಿಯುವುದಾದರೆ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವನ್ನು ಒಮ್ಮೆ ಹೋಗಿ ನೋಡಿ. 1969ರಿಂದ ರೈತರ ಸಹಕಾರ ಸಂಘವೊಂದು ಕಂಬ, ತಂತಿ, ಬಿಲ್ಲು ಎಲ್ಲವನ್ನೂ ನಡೆಸಿಕೊಂಡು ಬಂದಿರುವ ಊರು ನಮ್ಮ ರಾಜ್ಯದಲ್ಲಿ ಅದೊಂದೇ.

ಮರುಪ್ರತಿಕ್ರಿಯೆ: ತೆಂಗಿನತೋಟ

ತಡವಾಗಿ ಬರೆಯುತ್ತಿದ್ದೇನೆ, ಕೆಲಸ ಮುಗಿಯಲಿ ಎಂದು ಕಾಯುತ್ತಿದ್ದೆ. ಅರ್ಜಿ ಕೊಟ್ಟ ನಾಲ್ಕನೆಯ ವಾರ ಇಬ್ಬರು ಬಂದು ಎರಡು ಮನೆಗಳ ಫೇಸ್ ಬದಲಾಯಿಸಿದರು. ನಮ್ಮ ಮನೆಯಿಂದ ಏಳನೆಯ ಕಂಬದಲ್ಲಿ ನ್ಯೂಟ್ರಲ್ ತಂತಿಯನ್ನು ಬರಿದೇ ಸುತ್ತಿ ಬಿಟ್ಟಿದ್ದ ಗಂಟು ಸಿಕ್ಕಿತು. ಕೈಯಿಂದ ಅಲುಗಿಸಿದರೆ ಬಿಳಿಯ ಪುಡಿ ಉದುರಿತು. ಕತ್ತರಿಸಿ, ಸ್ಲೀವ್ ಹಾಕಿ ಒತ್ತಿದರು. ಮಾರನೆಯ ದಿನ ಮಧ್ಯಾಹ್ನ 1 ಗಂಟೆಗೆ ಇನ್ವರ್ಟರ್ ಪೂರ್ತಿ ಓಡುತ್ತಿರುವಾಗ 248 ವೋಲ್ಟ್, ರಾತ್ರಿ 8ಕ್ಕೆ 219. ಅಡಿಲೇಡಿನವರು ಹೇಳಿದ ಮೆನುವನ್ನೂ ಅಳವಡಿಸಿದವರು ತೆರೆದುಕೊಟ್ಟರು. ವೋಲ್ಟ್-ವ್ಯಾಟ್ ಚಾಲೂ ಇದೆ, ಆದರೆ ಈವರೆಗೆ ಅದಕ್ಕೆ ಕೆಲಸ ಬಿದ್ದಿಲ್ಲ. ನಿನ್ನೆ 21 ಯೂನಿಟ್ ಬಂತು.

50 ಯೂನಿಟ್ ಬ್ಯಾಟರಿಯ ಠರಾವನ್ನು ಸಂಘ ಕೈಬಿಟ್ಟಿತು. ಈಗಿನ ಬಿಎಂಸಿಯ ಕಂಪ್ರೆಸರ್ ಹೇಗೂ ಮುಂದಿನ ವರ್ಷ ಬದಲಾಗಬೇಕಾಗಿರುವುದರಿಂದ ಐಸ್ ಬ್ಯಾಂಕಿನ ದರಪಟ್ಟಿ ತರಿಸಲು ಒಪ್ಪಿದ್ದಾರೆ. ಡೇರಿ ಕಾರ್ಯದರ್ಶಿಯವರೇ, ನಮ್ಮಲ್ಲಿ ಸಂಜೆ 800 ಲೀಟರ್ ಬರುತ್ತದೆ, ಬೇಸಿಗೆಯಲ್ಲಿ 600. ತೊಟ್ಟಿಯನ್ನು ಯಾವುದಕ್ಕೆ ಲೆಕ್ಕ ಹಿಡಿಯಬೇಕು?

ಉತ್ತರ: ಡೇರಿ ಕಾರ್ಯದರ್ಶಿ

800ಕ್ಕೇ ಹಿಡಿಯಿರಿ, ಜೊತೆಗೆ ಮೋಡದ ದಿನಕ್ಕೆಂದು ಇನ್ನೊಂದು ಕಾಲು ಭಾಗ ಸೇರಿಸಿ. 360 ಕಿಲೋ ಐಸ್ ಕಟ್ಟುವ ತೊಟ್ಟಿ ನಿಮಗೆ ಸಾಕು. ದರಪಟ್ಟಿಯಲ್ಲಿ ತೊಟ್ಟಿಯ ಉಷ್ಣನಿರೋಧಕ ಪದರ ಎಷ್ಟು ದಪ್ಪ ಎಂಬುದನ್ನು ಬರೆಸಿಕೊಳ್ಳಿ, ನಾವು ಅದನ್ನು ಕೇಳದೆ ಕೊಂಡು ಮೊದಲ ಬೇಸಿಗೆಯಲ್ಲಿ ಮಧ್ಯಾಹ್ನದ ಐಸನ್ನು ಸಂಜೆಗೆ ಮೊದಲೇ ಕರಗಿಸಿಕೊಂಡಿದ್ದೆವು.